ಏನೂ ಆಗಲಿಲ್ಲ ಎಂಬ ಸಾಕ್ಷಿ

ಸಿಯಾಟಲ್‌ನಿಂದ ಸುಮಾರು ಎರಡು ಗಂಟೆ ಪ್ರಯಾಣದ ಸ್ಟೀವನ್ಸ್ ಪಾಸ್‌ನಲ್ಲಿ, ಸ್ಕೀ ಕಟ್ಟಿಕೊಂಡು, ನಿಗದಿತ ಸ್ಕೀ ಹಾದಿಗಳಾಚೆಯ ಬ್ಯಾಕ್‌ಕಂಟ್ರಿಗೆ ಹೊರಡುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ: “ಹೋದ ವಾರವೂ ಇಲ್ಲೇ ಇಳಿದೆವು, ಏನೂ ಆಗಲಿಲ್ಲ.” ಮಾತು ಸುಳ್ಳಲ್ಲ. ಆದರೆ ಅದರಿಂದ ಸಿದ್ಧವಾಗುವುದೇನು?

ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಅಪ್ಪ ಹುಡುಗರಿಗೆ ಪ್ರಮಾಣಗಳ, ಅಂದರೆ ತಿಳಿವಿನ ಸಾಧನಗಳ, ಪಾಠ ಹೇಳುತ್ತಿದ್ದರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣ ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಅಲ್ಲಿ ಗಡಿಗೆಯಿಲ್ಲ. ಇಷ್ಟಕ್ಕೇ ಬಿಡುತ್ತಿರಲಿಲ್ಲ ಅಪ್ಪ. ಕೋಣೆಯಲ್ಲಿ ಕತ್ತಲಿದ್ದರೆ? ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನಲು ಸಾಧ್ಯವಿದ್ದಾಗ ಮಾತ್ರ ಕಾಣದಿರುವುದಕ್ಕೆ ಬೆಲೆ. ಶಾಸ್ತ್ರ ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತದೆ.

ಹಿಮದ ಇಳಿಜಾರು ಬಿಸಿಲಲ್ಲೂ ಆ ಕತ್ತಲೆಯ ಕೋಣೆಯೇ. ತಿಳಿಯಾದ ಚಳಿರಾತ್ರಿಯಲ್ಲಿ ಹಿಮದ ಮೇಲೆ ಸಡಿಲ ಹರಳುಗಳು ಬೆಳೆಯುತ್ತವೆ. ಮುಂದಿನ ಹಿಮ ಅವನ್ನು ಹೂತುಹಾಕುತ್ತದೆ. ಆ ದುರ್ಬಲ ಪದರ ವಾರಗಟ್ಟಲೆ ಹಾಗೇ ಉಳಿಯಬಹುದು. ಮೇಲಿನ ಗಟ್ಟಿ ಹಿಮ ಚಪ್ಪಡಿಯಾಗಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ಸ್ಕೀ ಮಾಡುವವರಿಗೆ ಪ್ರಿಯವಾದುವೂ ಅವೇ. ಹತ್ತು ಜನ ಇಳಿದ ಮೇಲೆ ಹನ್ನೊಂದನೆಯವರು ಚಪ್ಪಡಿ ತೆಳುವಾದ ಕಡೆ ಕಾಲಿಟ್ಟು ಅದನ್ನು ಒಡೆಯಬಹುದು. ಪ್ರಾಣಹಾನಿಯಾದ ಹಿಮಕುಸಿತಗಳಲ್ಲಿ ಸುಮಾರು ಶೇಕಡ 90ರಷ್ಟನ್ನು ಕೆದಕಿದವರು ಸತ್ತವರೇ ಅಥವಾ ಅವರ ಜೊತೆಗಾರರು. ಹೀಗಿರುವಾಗ ಹೋದ ವಾರದ ಸುರಕ್ಷಿತ ಇಳಿತ ಯಾವ ಪ್ರಮಾಣಕ್ಕೂ ಸೇರುವುದಿಲ್ಲ.

ಅಮೆರಿಕದ ಇಯಾನ್ ಮ್ಯಾಕಮನ್ 1972ರಿಂದ 2003ರವರೆಗಿನ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದರು. ಪರಿಚಿತ ಜಾಗದಲ್ಲಿ, ಹೆಚ್ಚು ತರಬೇತಿ ಪಡೆದವರೂ ತರಬೇತಿಯಿಲ್ಲದವರಷ್ಟೇ ಅಪಾಯಕ್ಕೆ ಒಡ್ಡಿಕೊಂಡಿದ್ದರು. ನನಗೆ ಇದು ದಿಗಿಲು ಹುಟ್ಟಿಸುತ್ತದೆ. ಕಲಿತ ವಿದ್ಯೆಯನ್ನೂ ಅಭ್ಯಾಸ ನುಂಗಿಬಿಡುತ್ತದೆ.

ಫಲದ ಮೇಲೆ ನಿನಗೆ ಅಧಿಕಾರವಿಲ್ಲ ಎಂಬ ಗೀತೆಯ ಬೋಧೆಯನ್ನು ನಾವು ಸೋತಾಗ ಸಮಾಧಾನಕ್ಕೆ ನೆನೆಯುತ್ತೇವೆ. ಕ್ಷೇಮವಾಗಿ ಮರಳಿದ ಸಂಜೆ ಅದನ್ನು ನೆನೆಯುವವರು ಕಡಿಮೆ. ಆಗಲೇ ಅದು ಹೆಚ್ಚು ಬೇಕು ಎಂಬುದು ನನ್ನ ನಂಬಿಕೆ. ಫಲ ಒಳ್ಳೆಯದಾಯಿತೆಂದು ಮಾಡಿದ್ದು ಸರಿಯಾಗಿಬಿಡುವುದಿಲ್ಲ. ಮುನ್ಸೂಚನೆ ಓದಿದೆವೆ, ಹೂತವರನ್ನು ಪತ್ತೆಹಚ್ಚುವ ಬೀಕನ್ ಪರೀಕ್ಷಿಸಿದೆವೆ, ಒಬ್ಬೊಬ್ಬರಾಗಿ ದಾಟಿದೆವೆ ಎಂದು ಆ ಸಂಜೆಯೂ ಕೇಳಿಕೊಳ್ಳಬೇಕು.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾದಲ್ಲಿ ಹಿಮ ಕುಸಿದು ಪರ್ವತಾರೋಹಣ ಕಲಿಯುತ್ತಿದ್ದವರ ದೊಡ್ಡ ತಂಡವೇ ಸಿಕ್ಕಿಬಿದ್ದಾಗ, ಕರ್ನಾಟಕದವರೂ ಸತ್ತರು. ಊರಿನಿಂದ ಫೋನಿನಲ್ಲಿ ಚಿಕ್ಕಮ್ಮ ಅಂದರು, “ಅವರ ಆಯಸ್ಸು ಅಷ್ಟೇ ಇತ್ತು ಕಣೋ.” ನಾನು ಎದುರಾಡಲಿಲ್ಲ. ಮಗುವನ್ನು ಕಳೆದುಕೊಂಡ ಮನೆಯಲ್ಲಿ ಆ ಮಾತಿಗೆ ಜಾಗವಿದೆ, ಇರಲಿ. ಇಳಿಜಾರಿನ ತುದಿಯಲ್ಲಿ ನಿಂತವರು ಮಾತ್ರ ಅದನ್ನು ಆಡಕೂಡದು. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ಹೊರತೆಗೆಯಬೇಕು. ಆಮೇಲೆ ಬದುಕುವ ಸಾಧ್ಯತೆ ಭರ್ರನೆ ಇಳಿಯುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ. ಜೊತೆಗಾರನ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್, ಸಲಿಕೆಯೇ ಗತಿ. ನನ್ನ ಆಯಸ್ಸು ವಿಧಿಯ ಕೈಯಲ್ಲಿದೆ ಎಂದುಕೊಂಡು ಇವನ್ನು ಬಿಟ್ಟುಬಂದವನು ವಿಧಿಗೆ ಒಪ್ಪಿಸಿದ್ದು ಪಕ್ಕದವನ ಆಯಸ್ಸನ್ನು.

ಹಾಗಾದರೆ ಹಿಮದಲ್ಲಿ ಗುಂಡಿ ತೋಡಿದರೆ ಕತ್ತಲೆ ಹರಿಯುತ್ತದೆಯೆ? ಸ್ವಲ್ಪ. 90 ಸೆಂಟಿಮೀಟರ್ ಅಗಲದ ಹಿಮದ ಕಂಬ ಕಡಿದು, ಮೇಲೆ ಸಲಿಕೆಯಿಟ್ಟು ತಟ್ಟುತ್ತೇವೆ: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಬಿರುಕು ಕಂಬದುದ್ದಕ್ಕೂ ಓಡಿದರೆ ವಾಪಸ್. ಓಡದಿದ್ದರೆ ಆ ಒಂದು ಜಾಗದ ಬಗ್ಗೆ ಏನೋ ತಿಳಿಯಿತು, ಅಷ್ಟೇ. ಐವತ್ತು ಅಡಿ ಆಚೆ ಬೇರೆ ಕಥೆ.

2012ರ ಫೆಬ್ರವರಿ 19ರಂದು ಇದೇ ಸ್ಟೀವನ್ಸ್ ಪಾಸ್‌ನ ಹಿಂಬದಿಯ ಟನಲ್ ಕ್ರೀಕ್‌ನಲ್ಲಿ ಹಿಮ ಕುಸಿದು ಮೂವರು ನುರಿತ ಸ್ಕೀಯರ್‌ಗಳು ಸತ್ತರು. ಆ ದೊಡ್ಡ ಗುಂಪಿನ ಕೆಲವರಿಗೆ ಅನುಮಾನವಿತ್ತು, ಅನುಭವಿಗಳ ಮುಂದೆ ಬಾಯಿಬಿಡಲಿಲ್ಲ ಎಂದು ಬದುಕುಳಿದವರೇ ಆಮೇಲೆ ಹೇಳಿಕೊಂಡರು. ಆದ್ದರಿಂದ ನಮ್ಮ ತಂಡದಲ್ಲಿ ಎಲ್ಲರಿಗಿಂತ ಹೊಸಬರನ್ನು ಮೊದಲು ಕೇಳುತ್ತೇವೆ, ನನ್ನಂಥ ಹಳಬರು ಕೊನೆಗೆ ಮಾತಾಡುತ್ತೇವೆ. ಒಬ್ಬರು ಬೇಡವೆಂದರೂ 30 ಡಿಗ್ರಿಗಿಂತ ಕಡಿಮೆಯ, ಮೇಲೆ ಕಡಿದಾದ ಇಳಿಜಾರಿಲ್ಲದ ಜಾಗಕ್ಕೆ ಹೋಗುತ್ತೇವೆ. ಕಾರಣ ಕೇಳುವುದಿಲ್ಲ.