ಬೇರೆಯವರ ಬೂದಿಯ ಮೇಲೆ ರಜೆ

ಸುಟ್ಟ ಕೋಳಿ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ? ಸ್ಪೇನಿನ ಲಾಂಜರೋಟೆ ದ್ವೀಪದ ತಿಮಾನ್‌ಫಾಯ ಪಾರ್ಕಿನ ರೆಸ್ಟೋರೆಂಟ್ ಅದು. ಬಾವಿಯಂಥ ಗುಂಡಿಯ ಮೇಲೊಂದು ಕಬ್ಬಿಣದ ಜಾಲರಿ, ಕೆಳಗಿಂದ ಬರೋದು ಭೂಮಿಯದೇ ಕಾವು. ಹೊರಗೆ ನೆಲದೊಳಗಿನ ಕೊಳವೆಗೆ ಸಿಬ್ಬಂದಿ ನೀರು ಸುರಿದರೆ ಬುಸ್ ಅಂತ ಆವಿ ಚಿಮ್ಮುತ್ತೆ. ನಾವೆಲ್ಲ ಚಪ್ಪಾಳೆ. ಒಂಟೆ ಸವಾರಿಯೂ ಆಯ್ತು. 1730ರಿಂದ 1736ರವರೆಗೆ ಇದೇ ನೆಲ ಬಾಯಿಬಿಟ್ಟು ಊರೂರನ್ನೇ ನುಂಗಿದ ಕಥೆ ಬಸ್ಸಿನ ಸ್ಪೀಕರ್‌ನಲ್ಲಿ ಬರ್ತಾನೇ ಇತ್ತು. ನಾನು ವಿಡಿಯೋ ಮಾಡ್ತಿದ್ದೆ.

ಮೂರು ದಿನ ಬಿಟ್ಟು, ಅದೇ ಕ್ಯಾನರಿ ದ್ವೀಪಗಳಲ್ಲೊಂದಾದ ಲಾ ಪಾಲ್ಮಾಗೆ ಹೋದೆ. ಇಲ್ಲಿ ಜ್ವಾಲಾಮುಖಿ ಸಿಡಿದದ್ದು 2021ರ ಸೆಪ್ಟೆಂಬರ್ 19ಕ್ಕೆ. ಹರಿದದ್ದು 85 ದಿನ. ಟ್ರೆಕ್ಕಿಂಗ್‌ಗೆ ಕರ್ಕೊಂಡು ಹೋದ ಗೈಡ್, ಸಮುದ್ರದವರೆಗೆ ಹೆಪ್ಪುಗಟ್ಟಿ ನಿಂತ ಕಪ್ಪು ಕಲ್ಲನ್ನು ತೋರಿಸಿ, "ಅಲ್ಲಿ ತೊದೋಕೆ ಅಂತ ಊರಿತ್ತು. ನಮ್ಮಮ್ಮನ ಅಡುಗೆಮನೆ ಅದರಡಿ ಎಲ್ಲೋ ಇದೆ" ಅಂದರು. ಸೆಲ್ಫಿಗೆ ಎತ್ತಿದ ಕೈ ತಾನಾಗೇ ಇಳೀತು.

ಯಾಕೆ ಇಳೀತು? ಎರಡೂ ಕಡೆ ಮುಚ್ಚಿಹೋಗಿದ್ದು ಮನೆಗಳೇ ತಾನೇ? ಅಳೋಕೆ ಯಾರೂ ಉಳಿದಿಲ್ಲ ಅಂದ್ರೆ ದುಃಖ ಬರೀ ನೋಟ ಆಗಿಬಿಡುತ್ತಾ? ಹಾಗಿದ್ರೆ ನಾನು ಸಂಕೋಚಪಟ್ಟಿದ್ದು ಆ ಮನೆಗಳಿಗಲ್ಲ, ಎದುರಿಗೆ ನಿಂತವರ ಮುಖಕ್ಕೆ. ಇದು ನೀತಿಯೋ, ಬರೀ ಮುಜುಗರವೋ? ಮುನ್ನೂರು ವರ್ಷಕ್ಕೆ ಚಪ್ಪಾಳೆ ಸರಿ ಅನ್ನೋದಾದ್ರೆ, ಐವತ್ತಕ್ಕೆ?

ಗೈಡ್‌ಗೆ ಇದ್ಯಾವುದೂ ಇರಲಿಲ್ಲ. "ತೆಗೀರಿ ತೆಗೀರಿ. ಬಾಳೆತೋಟ ಹೋಯ್ತು, ಈಗ ಇದರಲ್ಲೇ ಜೀವನ" ಅಂತ ಅವರೇ ನನ್ನ ಫೋನ್ ಇಸ್ಕೊಂಡರು. ನಗಬೇಕೋ ಬೇಡವೋ ತಿಳೀಲಿಲ್ಲ. ಫೋಟೋದಲ್ಲಿ ಅರ್ಧ ನಕ್ಕಿದ್ದೀನಿ.