ಬಿದ್ದವನು ಯಾರ ಆಳು?

ಲೋಡು ಏರಿಸುವುದಕ್ಕಿಂತ ಇಳಿಸುವುದು ಹೆಚ್ಚು ಅಪಾಯದ ಕೆಲಸ ಎಂದು ನನಗನಿಸುತ್ತದೆ. ಏರಿಸುವಾಗ ಪ್ರತಿ ಮೂಟೆಯೂ ಕಣ್ಣೆದುರೇ ಕೂರುತ್ತದೆ. ಇಳಿಸುವ ಹೊತ್ತಿಗೆ ಲಾರಿ ನೂರಾರು ಕಿಲೋಮೀಟರ್ ಕುಲುಕಿ ಬಂದಿರುತ್ತದೆ. ತಾಡಪಾಲಿನ ಕೆಳಗೆ ಯಾವುದು ಯಾವುದಕ್ಕೆ ಒರಗಿದೆಯೋ ಯಾರಿಗೂ ಗೊತ್ತಿಲ್ಲ. ಹಗ್ಗ ಬಿಚ್ಚಿ ಹಿಂಬಾಗಿಲ ಚಿಲಕ ಎತ್ತಿದವನ ಮೇಲೆಯೇ ಮೊದಲ ಮೂಟೆ ಬೀಳುತ್ತದೆ. ಗ್ರಾನೈಟ್ ಚಪ್ಪಡಿ ಇಳಿಸುವವರ ಪಾಡು ಇನ್ನೂ ಕಷ್ಟ. ಚೌಕಟ್ಟಿನ ಎರಡೂ ಬದಿಗೆ ಒರಗಿಸಿದ ಕಲ್ಲನ್ನು ಒಂದೇ ಬದಿಯಿಂದ ತೆಗೆಯುತ್ತ ಹೋದರೆ ತೂಕ ತಪ್ಪುತ್ತದೆ. ವಾಲಿದ ಕಲ್ಲಿಗೆ ಕೈ ಕೊಡಲು ಹೋಗುವುದು ಮನುಷ್ಯ ಸಹಜ. ಜೀವ ಹೋಗುವುದೂ ಅದರಿಂದಲೇ.

ಅಪಾಯ ತಗ್ಗಿಸುವ ದಾರಿಗಳಿವೆ: ಚಕ್ರಕ್ಕೆ ಅಡ್ಡಗಲ್ಲು, ಕೆಲಸ ಮುಗಿಯುವವರೆಗೆ ಲಾರಿಯ ಕೀಲಿ ಹಮಾಲರ ಮೇಸ್ತ್ರಿಯ ಬಳಿ, ಜಾರದ ಹಲಗೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಆದರೆ ಹಮಾಲಿ ಸಿಗುವುದು ಮೂಟೆ ಲೆಕ್ಕದಲ್ಲಿ, ಆ ಹತ್ತು ನಿಮಿಷಕ್ಕೆ ಯಾರೂ ಕಾಸು ಕೊಡುವುದಿಲ್ಲ. ಸುರಕ್ಷತಾ ಸಪ್ತಾಹದಲ್ಲಿ ಹೆಲ್ಮೆಟ್ ಹಂಚಿ ಫೋಟೊ ತೆಗೆಸಿಕೊಳ್ಳುವವರು ಈ ಲೆಕ್ಕದ ತಂಟೆಗೇ ಹೋಗುವುದಿಲ್ಲ.

ಸಿಮೆಂಟ್ ಚೀಲ 50 ಕೆ.ಜಿ. 400 ಚೀಲದ ಲಾರಿಯನ್ನು ನಾಲ್ವರು ಖಾಲಿ ಮಾಡಿದರೆ ತಲೆಗೆ 5 ಟನ್. ಸೊಂಟ ವರ್ಷಗಟ್ಟಲೆ ಸವೆದು, ಯಾವುದೋ ಒಂದು ಚೀಲದ ನೆಪದಲ್ಲಿ ಕೈಕೊಡುತ್ತದೆ. ಅದನ್ನು ಅಪಘಾತವೆಂದು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಬಿದ್ದವನು ಯಾರ ಆಳು ಎಂದು ಕೇಳಿ ನೋಡಿ. ಲಾರಿಯವರು ಅಂಗಡಿಯತ್ತ, ಅಂಗಡಿಯವರು ಮೇಸ್ತ್ರಿಯತ್ತ ಕೈ ತೋರಿಸುತ್ತಾರೆ. ಕೆಲಸಗಾರರ ಪರಿಹಾರ ಕಾಯ್ದೆ ಬ್ರಿಟಿಷರ ಕಾಲದಲ್ಲೇ, 1923ರಲ್ಲಿ ಬಂತು. ಪರಿಹಾರ ಕೇಳಬೇಕಾದರೆ ಮಾಲೀಕ ಇಂಥವನೆಂದು ಮೊದಲು ತೋರಿಸಬೇಕಲ್ಲ! ಮಹಾರಾಷ್ಟ್ರ ಈ ಗಂಟನ್ನು 1969ರ ಮಾಥಾಡಿ (ತಲೆಹೊರೆ ಕೆಲಸಗಾರರ) ಕಾಯ್ದೆಯಿಂದ ಬಿಡಿಸಿತು. ಅಲ್ಲಿ ಹಮಾಲರೂ ವರ್ತಕರೂ ಒಂದೇ ಮಂಡಳಿಯಲ್ಲಿ ನೋಂದಾಯಿಸಬೇಕು, ಕೂಲಿಯ ಮೇಲೆ ವರ್ತಕರು ಲೆವಿ ಕಟ್ಟಬೇಕು. ನಮ್ಮ ಕರ್ನಾಟಕದಲ್ಲಿ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯಡಿ ಹಮಾಲರಿಗೆ ಸ್ಮಾರ್ಟ್ ಕಾರ್ಡ್ ಇದೆ, ಅಪಘಾತಕ್ಕೆ ನೆರವೂ ಇದೆ. ಕೊಡುವುದು ಮಾತ್ರ ಸರ್ಕಾರ, ಸರಕಿನ ಒಡೆಯನಲ್ಲ.

ಮೂಟೆಯ ಬೆಲೆಯಲ್ಲಿ ಬಾಡಿಗೆ, ಕಮಿಷನ್, ತೆರಿಗೆ ಎಲ್ಲವೂ ಸೇರುತ್ತವೆ. ಇಳಿಸುವವನ ಮೈಗಾಗುವ ನಷ್ಟವೂ ಅದರಲ್ಲೇ ಸೇರಬೇಕು. ನಮ್ಮ ಎಪಿಎಂಸಿಗಳಲ್ಲೂ ಮಹಾರಾಷ್ಟ್ರದಂಥ ಲೆವಿ ಕಡ್ಡಾಯವಾಗಲಿ.