ಕರ್ತೃವೂ ಕರಣವೂ: ಬೆಟ್ಟದ ಬೈಸಿಕಲ್ಲನ್ನು ಕುರಿತು ಒಂದು ವಿಚಾರ

ಒಂದು ಕಾರ್ಯವು ಸಾಧಿತವಾದಾಗ ಅದರ ಶ್ರೇಯಸ್ಸಿನಲ್ಲಿ ಮನುಷ್ಯನ ಪಾಲೆಷ್ಟು, ಆತನ ಕೈಯಲ್ಲಿದ್ದ ಉಪಕರಣದ ಪಾಲೆಷ್ಟು ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಹೇಳಿದೆ. ಇವೆಲ್ಲ ಕೂಡಿ ಆದುದನ್ನು ‘ನಾನೊಬ್ಬನೇ ಮಾಡಿದೆ’ ಎಂದು ಬಗೆಯುವವನು ಸರಿಯಾಗಿ ಕಂಡವನಲ್ಲವೆಂಬುದು ಅಲ್ಲಿಯ ತಾತ್ಪರ್ಯ. ಶಾಸ್ತ್ರವಾಕ್ಯವೆಂದು ಇದನ್ನು ಒಪ್ಪಿ ತಲೆದೂಗುವುದು ಸುಲಭ. ಆದರೆ ಕರಣವೆಂಬುದು ಪೇಟೆಯಲ್ಲಿ ಹಣ ತೆತ್ತರೆ ದೊರೆಯುವ ಸರಕಾಗಿ, ವರ್ಷವರ್ಷಕ್ಕೂ ಹೆಚ್ಚು ಹೆಚ್ಚು ಜಾಣವಾಗುತ್ತ ಬಂದರೆ, ಕರ್ತೃವಿಗೆ ಕೊನೆಗೆ ಉಳಿಯುವುದೇನು? ಈ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ಬೆಟ್ಟ ಹತ್ತಿಳಿಯುವ ಬೈಸಿಕಲ್ಲಿಗಿಂತ ಅನುಕೂಲವಾದ ಉದಾಹರಣೆ ನನಗೆ ತೋರದು. ತತ್ತ್ವವಿಚಾರಕ್ಕೆ ಇಂಥ ಗಾಡಿಯೆ ಎಂದು ವಾಚಕರಲ್ಲಿ ಕೆಲವರು ನಗಬಹುದು. ರಥವೂ ಒಂದು ಗಾಡಿಯೇ ಎಂಬುದನ್ನು ಅವರು ನೆನೆದರೆ ಸಾಕು.

ಅಮೆರಿಕ ದೇಶದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ, ಸುಮಾರು ಎರಡು ಮೈಲಿಗಳಲ್ಲಿ 1,300 ಅಡಿಗಳಷ್ಟು ಕೆಳಗಿಳಿಯುವ ಒಂದು ಮಣ್ಣಿನ ದಾರಿಯುಂಟು. 1976ರ ಅಕ್ಟೋಬರಿನಿಂದ ಕೆಲವು ವರ್ಷ ಅಲ್ಲಿ ತರುಣರು ಒಬ್ಬೊಬ್ಬರಾಗಿ ಬೈಸಿಕಲ್ಲೇರಿ ಕಾಲವನ್ನು ಅಳೆದುಕೊಂಡು ಇಳಿಯುವ ಪಂದ್ಯಗಳನ್ನು ನಡೆಸಿದರು. ಅವರ ವಾಹನಗಳು ತಮ್ಮ ಹಿರಿಯರ ಕಾಲದಲ್ಲಿ ಪತ್ರಿಕೆ ಹಂಚುವ ಹುಡುಗರು ತುಳಿದಿದ್ದ, ದಪ್ಪ ಟೈರಿನ, ಭಾರವಾದ ಉಕ್ಕಿನ ಗಾಡಿಗಳು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಗಾಲಿಯ ಹಬ್ಬಿನೊಳಗೆ ಹಿಡಿಯುವ ಬ್ರೇಕೊಂದೇ ಅವುಗಳಿಗೆ ಆಧಾರ. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಆ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮರಳಿ ಏರಬೇಕಾದರೆ ಹೊಸದಾಗಿ ಗ್ರೀಸು ತುಂಬಬೇಕು. ಹೀಗೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ರೀಪ್ಯಾಕ್’ ಎಂಬ ಮಾತೇ ಆ ದಾರಿಗೆ ಹೆಸರಾಯಿತು. ಒಂದು ಸಲಕರಣೆಯ ದೌರ್ಬಲ್ಯವು ಒಂದು ಸ್ಥಳಕ್ಕೆ ನಾಮಕರಣ ಮಾಡಿದ ದೃಷ್ಟಾಂತ ಇನ್ನೆಲ್ಲಿದೆಯೋ ತಿಳಿಯದು. ಅವರಲ್ಲಿ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದನು; 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲಿ ಎಂಬವರು ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳಿಗೆ ಅಂಗಗಳನ್ನು ಜೋಡಿಸಿ ಮಾರಲಾರಂಭಿಸಿದರು. 1989ರಲ್ಲಿ ರಾಕ್‌ಶಾಕ್ಸ್ ಎಂಬ ಕಂಪೆನಿಯವರು ಮುಂದಿನ ಫೋರ್ಕಿಗೆ ಎರಡಂಗುಲದಷ್ಟು ಕುಗ್ಗಿ ಹಿಗ್ಗುವ ಶಕ್ತಿಯನ್ನು ಕೊಟ್ಟರು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಈ ಸವಾರಿ ಪಂದ್ಯವಾಗಿ ಮನ್ನಣೆ ಪಡೆಯಿತು. ಇಂದಿನ ಗಾಡಿಗೆ ಮುಂದೆ ಹಿಂದೆ ಎರಡು ಕಡೆಯೂ ಗಾಳಿಯ ಸ್ಪ್ರಿಂಗು, ಎಣ್ಣೆಯ ಒತ್ತಡದಿಂದ ಹಿಡಿಯುವ ತಟ್ಟೆ ಬ್ರೇಕು, ಬೆರಳೊತ್ತಿದರೆ ತಗ್ಗುವ ಸೀಟು, ಟ್ಯೂಬಿಲ್ಲದ ಟೈರು. ರೀಪ್ಯಾಕಿನ ದಾರಿಯನ್ನು ಇಂಥ ಗಾಡಿಯಲ್ಲಿ ಸಾಮಾನ್ಯನೂ ನಿರಾತಂಕವಾಗಿ ಇಳಿದಾನು. ಹಾಗಾದರೆ ಅಂದು ಇಳಿದವನು ಮಾಡಿದ ಕಾರ್ಯವೂ ಇಂದು ಇಳಿಯುವವನು ಮಾಡಿದ ಕಾರ್ಯವೂ ಒಂದೆಯೆ?

ಒಂದಲ್ಲವೆಂದು ಹೇಳುವವರ ಪಕ್ಷ ಬಲವಾದುದು, ಹಳೆಯದೂ ಹೌದು. ಫ್ರಾನ್ಸ್ ದೇಶವನ್ನು ಸುತ್ತಿಬರುವ ಪ್ರಸಿದ್ಧ ಸೈಕಲ್ ಪಂದ್ಯವನ್ನು 1903ರಲ್ಲಿ ಸ್ಥಾಪಿಸಿದ ಹೆನ್ರಿ ದೆಗ್ರಾಂಜ್ ಎಂಬವನು ಸವಾರಿ ಮಾಡುತ್ತಲೇ ಗೇರು ಬದಲಿಸುವ ಯಂತ್ರವನ್ನು ಬಹುಕಾಲ ತನ್ನ ಪಂದ್ಯದೊಳಗೆ ಬಿಡಲಿಲ್ಲ. ಅದೆಲ್ಲ ನಾಲ್ವತ್ತೈದು ಕಳೆದವರಿಗೆ ತಕ್ಕುದು, ತೊಡೆಯ ಬಲದಿಂದ ಗೆಲ್ಲುವುದೇ ಗೆಲುವು ಎಂದು ಆತನ ಮತ. ಪಿರಿನೀಸ್ ಪರ್ವತದ ಬುಡದಲ್ಲಿ ಸವಾರರು ಕೆಳಗಿಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುವಿ ಹಾಕಿ, ಆಚೆ ಮಗ್ಗುಲಿನ ದೊಡ್ಡ ಹಲ್ಲುಚಕ್ರಕ್ಕೆ ಸರಪಳಿಯೇರಿಸಿ ಮುಂದೆ ಸಾಗುತ್ತಿದ್ದರು. 1937ರಲ್ಲಿ, ಪಂದ್ಯದ ಆಡಳಿತ ಆತನ ಕೈಬಿಟ್ಟ ಮೇಲೆ, ಆ ಯಂತ್ರಕ್ಕೆ ಪ್ರವೇಶ ದೊರೆಯಿತು. ಇತ್ತ ಅದೇ ದೇಶದ ಸೇಂತ್ ಎತಿಯೆನ್ ಪಟ್ಟಣದಲ್ಲಿ ಪಾಲ್ ದ ವೀವಿ ಎಂಬ ಇನ್ನೊಬ್ಬನು ಬದಲಾಗುವ ಗೇರಿನ ಪರವಾಗಿ ಜೀವಮಾನವೆಲ್ಲ ವಾದಿಸಿದನು. ಅವನಿಗೆ ಬೇಕಾಗಿದ್ದುದು ಪಂದ್ಯವಲ್ಲ, ಸಂಚಾರ. ಬೆಟ್ಟವನ್ನು ಜಯಿಸುವುದಕ್ಕಿಂತ ಬೆಟ್ಟದ ಮೇಲಿರುವುದು.

ದೆಗ್ರಾಂಜನ ಮಾತಿನಲ್ಲಿ ಗಾಂಭೀರ್ಯವಿದೆ. ಆದರೆ ಅದು ತರ್ಕಕ್ಕೆ ನಿಲ್ಲದು. ಕಷ್ಟವೇ ಶ್ರೇಯಸ್ಸಿನ ಅಳತೆಯಾದ ಪಕ್ಷದಲ್ಲಿ, 1888ರಲ್ಲಿ ಡನ್ಲಪ್ ಎಂಬವನು ಮಗನ ಮೂರು ಗಾಲಿಯ ಗಾಡಿಗೆಂದು ಮಾಡಿದ ಗಾಳಿಟೈರನ್ನು ದೆಗ್ರಾಂಜನು ಏಕೆ ಬಿಡಲಿಲ್ಲ? ಅದೂ ಒಂದು ಸ್ಪ್ರಿಂಗೇ ಅಲ್ಲವೆ? ಅದು ಹೋಗಲಿ, ಗಾಲಿಯನ್ನೇಕೆ ಬಿಡಬಾರದು? ತಾನು ಹುಟ್ಟುವ ಮುನ್ನ ಬಂದ ಅನುಕೂಲವನ್ನು ಮನುಷ್ಯನು ಪ್ರಕೃತಿಯೆಂದು ಎಣಿಸುತ್ತಾನೆ. ತನ್ನ ಯೌವನದಲ್ಲಿ ಬಂದುದನ್ನು ಸುಧಾರಣೆಯೆನ್ನುತ್ತಾನೆ. ತನಗೆ ವಯಸ್ಸಾದ ಮೇಲೆ ಬಂದುದನ್ನು ಮೋಸವೆನ್ನುತ್ತಾನೆ. ಇಂದು ಸ್ಪ್ರಿಂಗಿಲ್ಲದ ಫೋರ್ಕನ್ನೂ ಒಂದೇ ಗೇರನ್ನೂ ಬೇಕೆಂದೇ ಆಯ್ದುಕೊಳ್ಳುವ ಸವಾರರಿದ್ದಾರೆ. ಅವರ ರುಚಿಯನ್ನು ನಾನು ಮೆಚ್ಚುತ್ತೇನೆ. ಆದರೆ ಅದನ್ನು ಅವರು ವ್ರತವೆಂದೂ ಮಿಕ್ಕವರದು ಭೋಗವೆಂದೂ ಹೇಳಹೊರಟರೆ ಗಾಳಿಟೈರಿನ ಪ್ರಶ್ನೆಗೆ ಅವರೂ ಉತ್ತರ ಕೊಡಬೇಕಾಗುತ್ತದೆ.

ಆದುದರಿಂದ ದೋಷವು ಉಪಕರಣದಲ್ಲಿಲ್ಲವೆಂದಾಯಿತು. ಇದಕ್ಕೆ ಸ್ಪಷ್ಟವಾದ ನಿದರ್ಶನವೊಂದುಂಟು. 2016ರಲ್ಲಿ ಬೆಲ್ಜಿಯಂ ದೇಶದ ಜೋಲ್ಡರ್ ಎಂಬಲ್ಲಿ ಕೆಸರುದಾರಿಯ ಸೈಕಲ್ ಪಂದ್ಯದ ವಿಶ್ವಸ್ಪರ್ಧೆ ನಡೆದಾಗ, ತರುಣಿಯೊಬ್ಬಳಿಗಾಗಿ ಸಿದ್ಧವಾಗಿಟ್ಟಿದ್ದ ಸೈಕಲ್ಲಿನ ಚೌಕಟ್ಟಿನೊಳಗೆ ಅಡಗಿಸಿದ ಮೋಟಾರು ಸಿಕ್ಕಿತು. ಆಕೆಗೆ ಆರು ವರ್ಷ ಪಂದ್ಯಗಳಿಂದ ಬಹಿಷ್ಕಾರವಾಯಿತು. ಅಂಥದೇ ಮೋಟಾರನ್ನು ಆಲ್ಪ್ಸ್ ಪರ್ವತದಲ್ಲಿ ಮೊಣಕಾಲು ಸವೆದ ವೃದ್ಧನೊಬ್ಬನು ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ಏರಿದರೆ ಯಾರೂ ಆತನನ್ನು ನಿಂದಿಸರು. ಲೋಹವೂ ತಂತಿಯೂ ಎರಡು ಕಡೆಯೂ ಒಂದೇ. ಪಂದ್ಯವೆಂದರೆ ಒಂದು ಒಡಂಬಡಿಕೆ. ಇಷ್ಟು ಕಷ್ಟವನ್ನು ನಾವೆಲ್ಲರೂ ಸಮನಾಗಿ ಹೊರುವೆವೆಂದು ಕೊಟ್ಟ ಮಾತು. ಅದನ್ನು ಗುಟ್ಟಾಗಿ ಮುರಿದುದು ಜೋಲ್ಡರಿನ ಅಪರಾಧ. ವೃದ್ಧನು ಯಾರಿಗೂ ಅಂಥ ಮಾತು ಕೊಟ್ಟಿಲ್ಲ. ಬೆಟ್ಟಕ್ಕೆ ಆತನು ಕಷ್ಟದ ಸಾಲಗಾರನಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ, ಪಂದ್ಯದ ಹೊರಗೆ ಎಲ್ಲವೂ ಅವರವರ ರುಚಿಗೆ ಬಿಟ್ಟುದೆಂದು ಹೇಳಿದಂತಾಗುವುದು. ಸವಾರರು ಬಹುಮಟ್ಟಿಗೆ ಹಾಗೆಯೇ ನಂಬಿದ್ದಾರೆ. ಹ್ಯಾಂಡಲು ಎಷ್ಟು ಅಗಲವಿರಬೇಕು, ಪಾದವನ್ನು ಪೆಡಲಿಗೆ ಬಂಧಿಸಬೇಕೋ ಸ್ವತಂತ್ರವಾಗಿಡಬೇಕೋ ಎಂಬಿವುಗಳಲ್ಲಿ ಅದು ನಿಜವೂ ಹೌದು. ಆದರೆ ರುಚಿಯೆಂದು ತೋರುವ ಎಲ್ಲವೂ ರುಚಿಯಲ್ಲ. ನಮ್ಮ ದೇಶದಲ್ಲಿಯೂ ಬ್ರಿಟನ್ನಿನಲ್ಲಿಯೂ ಬಲಗೈಯ ಬ್ರೇಕು ಮುಂದಿನ ಗಾಲಿಯನ್ನು ಹಿಡಿಯುವುದು ವಾಡಿಕೆ, ಅಮೆರಿಕದಲ್ಲಿ ಎಡಗೈಯದು. ಇದರಲ್ಲಿ ಒಂದು ಧರ್ಮ, ಇನ್ನೊಂದು ಅಧರ್ಮವೆಂಬುದಿಲ್ಲ. ಆದರೆ ತನ್ನ ಸೈಕಲ್ಲನ್ನು ಗೆಳೆಯನಿಗೆ ಕೊಡುವಾಗ ಈ ವ್ಯತ್ಯಾಸವನ್ನು ಹೇಳದೆ ಹೋದರೆ, ಆ ಗೆಳೆಯನು ಇಳಿಜಾರಿನಲ್ಲಿ ಹಿಂದಿನ ಬ್ರೇಕೆಂದು ಭಾವಿಸಿ ಮುಂದಿನದನ್ನು ಬಿಗಿಹಿಡಿದು ಹ್ಯಾಂಡಲಿನ ಮೇಲಿಂದ ನೆಲಕ್ಕೆ ಬೀಳುವನು. ಯಾವ ಕಾರಣವೂ ಇಲ್ಲದ ವಾಡಿಕೆಗೂ ಇನ್ನೊಬ್ಬರು ಅದನ್ನು ನಂಬಿ ನಡೆಯುವರೆಂಬ ಒಂದೇ ಹೇತುವಿನಿಂದ ನೀತಿಯ ತೂಕ ಬರುತ್ತದೆ. ಊರಿನ ಅನೇಕ ಆಚಾರಗಳ ಬೆಲೆಯೂ ಇಷ್ಟೇ ಇರಬಹುದು, ಅದಂತಿರಲಿ.

ಗಾಡಿಯನ್ನು ತನ್ನ ಮೈಗೆ ಹೊಂದಿಸಿಕೊಳ್ಳುವ ಕ್ರಮದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗಾಳಿ ತುಂಬಿದ ಸ್ಪ್ರಿಂಗಿಗೆ ಎಷ್ಟು ಒತ್ತಡ ಬೇಕೆಂಬುದು ಸವಾರನ ತೂಕವನ್ನು ಅನುಸರಿಸಿದೆ. ಫೋರ್ಕಿನ ಕೊಳವೆಗೆ ಒಂದು ರಬ್ಬರು ಬಳೆಯನ್ನು ತೊಡಿಸಿರುತ್ತಾರೆ. ಸವಾರನು ಬಟ್ಟೆ, ಬೂಟು, ಕುಡಿಯುವ ನೀರು, ಚೀಲ ಸಮೇತನಾಗಿ ಗಾಡಿಯ ಮೇಲೆ ಸದ್ದಿಲ್ಲದೆ ನಿಂತು ಇಳಿದರೆ ಬಳೆಯು ಎಷ್ಟು ಮೇಲೆ ಸರಿಯಿತೋ ಅಷ್ಟು ಸ್ಪ್ರಿಂಗು ಕುಸಿಯಿತೆಂದರ್ಥ. ಒಟ್ಟು ಚಲನೆಯ ನೂರಕ್ಕೆ 20ರಿಂದ 30ರವರೆಗೆ ಕುಸಿಯುವುದು ಯೋಗ್ಯ. ಏರುದಾರಿಯನ್ನು ಹೆಚ್ಚಾಗಿ ತುಳಿಯುವವನಿಗೆ ಕಡಮೆ, ಇಳಿಯುವುದನ್ನೇ ಬಯಸುವವನಿಗೆ ಹೆಚ್ಚು. ಮನುಷ್ಯನು ಬಂಧುಗಳಿಗೆ ಹೇಳಿಕೊಳ್ಳುವ ತೂಕ ಇಲ್ಲಿ ಪ್ರಯೋಜನಕ್ಕೆ ಬಾರದು. ಅದರಂತೆಯೇ ಆತನು ತನ್ನ ಧೈರ್ಯದ ವಿಷಯದಲ್ಲಿ ಹೇಳಿಕೊಳ್ಳುವುದೂ. ಎತ್ತರದ ಬಂಡೆಯಿಂದ ಹಾರುವೆನೆಂದು ಎಣಿಸಿ ಸ್ಪ್ರಿಂಗನ್ನು ಗಡುಸು ಮಾಡಿಟ್ಟವನು ಒಮ್ಮೆಯೂ ಹಾರದೆ, ಸಣ್ಣ ಕಲ್ಲು ಬೇರುಗಳ ಮೇಲೆ ಅಂಗೈ ಮರಗಟ್ಟಿಸಿಕೊಳ್ಳುತ್ತ ವರ್ಷ ಕಳೆಯುತ್ತಾನೆ. ಫೋರ್ಕಿನ ಓರೆಯೂ ಹೀಗೆಯೇ. 1990ರ ಸುಮಾರಿನಲ್ಲಿ ಹ್ಯಾಂಡಲಿನ ಕೊಳವೆ ನೆಲಕ್ಕೆ 71 ಅಂಶಗಳ ಕೋನದಲ್ಲಿ ನಿಂತಿರುತ್ತಿತ್ತು. ಈಗ ಎಷ್ಟೋ ಗಾಡಿಗಳಲ್ಲಿ 65, ಇನ್ನೂ ಕಡಮೆ. ಓರೆ ಹೆಚ್ಚಿದಷ್ಟೂ ಕಡಿದಾದ ಇಳಿಜಾರಿನಲ್ಲಿ ಮುಂಗಾಲಿ ಸ್ಥಿರ. ಸಮದಾರಿಯ ಸಣ್ಣ ತಿರುವಿನಲ್ಲಿ ಅದೇ ಗಾಡಿ ಸೋಮಾರಿ. ಮನೆಯ ಹಿಂದಿನ ಸಮವಾದ ಕಾಡುದಾರಿಯಲ್ಲೇ ಸಂಚರಿಸುವವನು ಪರ್ವತಶಿಖರಕ್ಕೆ ತಕ್ಕ ಗಾಡಿಯನ್ನು ಕೊಂಡರೆ ಅದು ಆಡಂಬರವೋ ಆಶೆಯೋ? ಎರಡೂ ಇರಬಹುದು. ಮನುಷ್ಯನು ತಾನಿರುವಂತೆ ಅಲ್ಲದೆ ತಾನಾಗಬೇಕೆಂದಿರುವಂತೆ ಸಲಕರಣೆ ಕೊಳ್ಳುವುದನ್ನು ನಾನು ಪೂರ್ತಿಯಾಗಿ ಹಳಿಯಲಾರೆ. ಓದದ ಗ್ರಂಥಗಳಿಂದ ಬೀರು ತುಂಬಿಸಿದ ಮನೆಗಳಲ್ಲಿ ಒಮ್ಮೊಮ್ಮೆ ಮಕ್ಕಳು ಅವನ್ನು ಓದುತ್ತಾರೆ.

ಇನ್ನು ಈ ವಿಚಾರದ ಕಠಿನವಾದ ಭಾಗಕ್ಕೆ ಬರೋಣ. ಸ್ಪ್ರಿಂಗಿಲ್ಲದ ಗಾಡಿಯಲ್ಲಿ ಪ್ರತಿಯೊಂದು ಕಲ್ಲೂ ಸವಾರನ ಕೈಗೆ ಬುದ್ಧಿ ಹೇಳುತ್ತದೆ. ವೇಗ ಹೆಚ್ಚಿತೆಂಬುದು ಬಹಳ ಮುಂಚೆ ತಿಳಿಯುತ್ತದೆ. ಆರಂಗುಲ ಕುಗ್ಗುವ ಫೋರ್ಕು ಆ ಬುದ್ಧಿಮಾತುಗಳನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಸವಾರನು ಎಚ್ಚರಿಕೆಯನ್ನು ಕೇಳುವುದು ತಡವಾಗಿ, ಒಟ್ಟಿಗೆ. ಆತನೊಬ್ಬನೇ ಬಿದ್ದರೆ ಅದು ಆತನ ಪಾಡು. ಆದರೆ ಅದೇ ದಾರಿಯಲ್ಲಿ ಕೋಲೂರಿಕೊಂಡು ನಡೆಯುವವರಿದ್ದಾರೆ, ಕುದುರೆಯ ಮೇಲೆ ಬರುವವರಿದ್ದಾರೆ. ಬೆಟ್ಟದ ಬೈಸಿಕಲ್ಲಿನ ತವರೆನಿಸಿದ ಟಮಲ್ಪೈಸ್ ಬೆಟ್ಟದ ಸುತ್ತಿನಲ್ಲಿಯೇ ಸೈಕಲ್ಲುಗಳನ್ನು ಬಹುಮಟ್ಟಿಗೆ ಅಗಲವಾದ ದಾರಿಗಳಿಗೆ ಸೀಮಿತಗೊಳಿಸಿ, ವೇಗವು ಗಂಟೆಗೆ 15 ಮೈಲಿ ಮೀರಬಾರದೆಂದೂ ಕುರುಡು ತಿರುವುಗಳಲ್ಲಿ 5 ಮೈಲಿಗಿಳಿಯಬೇಕೆಂದೂ ನಿಯಮ ಮಾಡಬೇಕಾಯಿತು. ಅಮೆರಿಕದ ಕಾಡುಗಳಲ್ಲಿ ಕೆಲವನ್ನು ಮನುಷ್ಯಹಸ್ತ ಸೋಕದಂತೆ ಕಾಯ್ದಿಡುವ 1964ರ ಶಾಸನವು ಯಾಂತ್ರಿಕ ಸಾರಿಗೆಯನ್ನು ಒಳಗೆ ಬಿಡದು. ಆ ಮಾತಿನಲ್ಲಿ ಬೈಸಿಕಲ್ಲೂ ಸೇರಿತೆಂದು 1984ರಲ್ಲಿ ಅರಣ್ಯ ಇಲಾಖೆಯ ನಿಯಮವು ಸ್ಪಷ್ಟಪಡಿಸಿತು. ಸವಾರರಿಗೆ ಇದು ಇಂದಿಗೂ ನೋವು. ಕುದುರೆಯ ಗೊರಸಿಗಿಂತ ನಮ್ಮ ಟೈರು ನೆಲವನ್ನು ಹೆಚ್ಚೇನು ಕೆಡಿಸುವುದೆಂದು ಅವರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒಳ್ಳೆಯ ಬ್ರೇಕೂ ಹಿಡಿತವುಳ್ಳ ಟೈರೂ ಇದ್ದ ಗಾಲಿ ಉರುಳುತ್ತಲೇ ನಿಧಾನವಾಗುತ್ತದೆ. ಹಳೆಯ ಕಾಲದ ಹಿಂಬ್ರೇಕಿನ ಗಾಲಿ ಸಿಕ್ಕಿಕೊಂಡು ಜಾರುತ್ತ ಮಣ್ಣನ್ನು ಕೆತ್ತುತ್ತಿತ್ತು. ಉಪಕರಣ ಸುಧಾರಿಸಿದುದರಿಂದ ದಾರಿಗೆ ಒಳಿತೂ ಆಗಬಹುದು.

ಹಾಗಾದರೆ ಕೆಡುಕು ಹುಟ್ಟುವುದೆಲ್ಲಿ? ನನಗೆ ತೋರುವುದು ಇಷ್ಟು. ಉತ್ತಮವಾದ ಕರಣವು ಕರ್ತೃವಿಗೆ ಒಂದು ಮಿಗುತಾಯವನ್ನು ಕೊಡುತ್ತದೆ. ಅದೇ ವೇಗದಲ್ಲಿ ಹೋದರೆ ಅಪಾಯ ತಗ್ಗುತ್ತದೆ. ಅದೇ ಅಪಾಯವನ್ನು ಉಳಿಸಿಕೊಂಡರೆ ವೇಗ ಹೆಚ್ಚುತ್ತದೆ. ಬಹುಮಂದಿ ಆ ಮಿಗುತಾಯವನ್ನು ವೇಗಕ್ಕೇ ವೆಚ್ಚ ಮಾಡುತ್ತಾರೆ. ಅಂಥವರಿಗೆ ತಮ್ಮ ಅಪಾಯವು ಮೊದಲಿನಷ್ಟೇ ಇದೆ, ಹೆಚ್ಚಿಲ್ಲ. ಹೆಚ್ಚಿದುದು ತಿರುವಿನಾಚೆ ನಡೆದುಬರುತ್ತಿರುವ ಮುದುಕಿಯ ಅಪಾಯ. ಆಕೆಯ ಮೈಗೆ ಯಾವ ಸ್ಪ್ರಿಂಗೂ ಬಂದಿಲ್ಲ. ಗೀತೆಯ ಐದು ಕಾರಣಗಳಲ್ಲಿ ಕರಣಕ್ಕೆ ಎಷ್ಟೇ ಪಾಲು ಕೊಟ್ಟರೂ, ಈ ಮಿಗುತಾಯವನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂಬ ನಿರ್ಣಯ ಮಾತ್ರ ಅದರ ಕೈಯಲ್ಲಿಲ್ಲ. ಕರ್ತೃವಿಗೆ ಉಳಿಯುವುದೇನೆಂದು ಮೊದಲು ಕೇಳಿದೆವಲ್ಲ; ಇದು ಉಳಿಯುತ್ತದೆ, ಕರಣವು ಬಲಿತಷ್ಟೂ ಹಿಗ್ಗುತ್ತ ಹೋಗುತ್ತದೆ.

ಮೋಟಾರು ಕಟ್ಟಿದ ಗಾಡಿ ಬಂದ ಮೇಲೆ ಈ ಪ್ರಶ್ನೆ ಇನ್ನೊಂದು ವೇಷದಲ್ಲಿ ಎದುರಾಗಿದೆ. ಯೂರೋಪಿನ ಕಟ್ಟಳೆಯಂತೆ ಸವಾರನು ತುಳಿಯುತ್ತಿರುವಾಗ ಮಾತ್ರ, 250 ವಾಟ್‌ಗಳ ಮಿತಿಯೊಳಗೆ, ಗಂಟೆಗೆ 25 ಕಿಲೋಮೀಟರಿನವರೆಗೆ ಮಾತ್ರ ಅದು ಸಹಾಯ ಮಾಡಬಹುದು. ಬೆಟ್ಟದ ದಾರಿಗಳಲ್ಲಿ ಸವಾರರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಒಂದು ಮರ್ಯಾದೆಯಿದೆ: ಇಳಿಯುವವನು ಏರುವವನಿಗೆ ದಾರಿ ಬಿಡತಕ್ಕದ್ದು. ಏರುವವನು ಒಮ್ಮೆ ನಿಂತರೆ ಕಡಿದಾದ ಜಾಗದಲ್ಲಿ ಮತ್ತೆ ಹೊರಡುವುದು ಕಷ್ಟ; ಇಳಿಯುವವನಿಗೆ ಬೆಟ್ಟವೇ ಸಹಾಯ. ಈಗ ಮೋಟಾರಿನವನು ನಗುನಗುತ್ತ ಏರಿಬರುತ್ತಾನೆ. ನಿಂತಲ್ಲಿಂದ ಮತ್ತೆ ಹೊರಡುವುದು ಆತನಿಗೆ ಅಷ್ಟೊಂದು ಕಷ್ಟವಲ್ಲ. ಕಾರಣವು ಹೋದ ಮೇಲೆ ಮರ್ಯಾದೆಯೂ ಹೋಗಬೇಕಲ್ಲವೆ ಎಂದು ತರುಣರು ಕೇಳುತ್ತಾರೆ. ಬಿಡಲೇಬೇಕೆಂದು ನನ್ನ ಅಭಿಪ್ರಾಯ. ಕೆಳಗಿನಿಂದ ಬರುತ್ತಿರುವವನ ಗಾಡಿಯಲ್ಲಿ ಮೋಟಾರಿದೆಯೋ, ಇದ್ದರೂ ಆತನ ಎದೆಯಲ್ಲಿ ಉಸಿರಿದೆಯೋ ಎಂಬುದು, ಇಳಿಜಾರಿನಲ್ಲಿ ಬ್ರೇಕು ಹಿಡಿಯಬೇಕಾದ ಕ್ಷಣದಲ್ಲಿ, ಮೇಲಿನಿಂದ ಬರುವವನಿಗೆ ಕಾಣುವುದಿಲ್ಲ.